ಅರ್ಧ ಮಾರುವವರ ಲೆಕ್ಕ

200 ರೂಪಾಯಿಗೆ ಕೊಂಡ ಷೇರು 210ಕ್ಕೆ ಬಂದಾಗ ಏನು ಮಾಡಬೇಕು? ಟಿ.ವಿ. ವಿಶ್ಲೇಷಕರಿಂದ ಹಿಡಿದು ಆಫೀಸಿನ ಕ್ಯಾಂಟೀನಿನಲ್ಲಿ ಸಿಗುವ ಬಲ್ಲವರವರೆಗೆ ಎಲ್ಲರ ಉತ್ತರವೂ ಒಂದೇ: ‘ಅರ್ಧ ಬುಕ್ ಮಾಡಿ, ಅರ್ಧ ಇಟ್ಟುಕೊಳ್ಳಿ.’ ಈ ಸಲಹೆಗೆ ಒಂದು ವಿಚಿತ್ರವಾದ ಗಟ್ಟಿತನವಿದೆ. ಬೆಲೆ ಮುಂದೆ ಏರಿದರೆ ಉಳಿದರ್ಧ ಕೈಯಲ್ಲಿದೆಯಲ್ಲ ಎನ್ನಬಹುದು. ಇಳಿದರೆ, ಅರ್ಧ ಮಾರಿದ್ದೇ ಒಳ್ಳೆಯದಾಯಿತು ಎನ್ನಬಹುದು. ಪೇಟೆ ಯಾವ ದಿಕ್ಕಿಗೆ ಹೋದರೂ ಸಲಹೆ ಕೊಟ್ಟವರು ತಪ್ಪಿತಸ್ಥರಾಗುವುದಿಲ್ಲ. ಹೀಗೆ ಎಂದೂ ಸೋಲದ ಸಲಹೆಯನ್ನು ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡಬೇಕು. ಹಾಗೆ ನೋಡಿದಾಗ ಕಾಣುವುದು ಇಷ್ಟು: ಭಾಗಶಃ ಮಾರಾಟ ಲಾಭವನ್ನು ಹೆಚ್ಚಿಸುವ ಉಪಾಯವಲ್ಲ, ಏರಿಳಿತವನ್ನು ತಗ್ಗಿಸುವ ಉಪಾಯ. ಆದ್ದರಿಂದ ಎಷ್ಟು ಮಾರಬೇಕು ಎಂಬುದನ್ನು ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಕಾಣುವ ಲಾಭ ನಿರ್ಧರಿಸಬಾರದು. ಆ ಒಂದು ಷೇರಿನ ಮೇಲೆ ನಿಮ್ಮ ದುಡ್ಡೆಷ್ಟು ನಿಂತಿದೆ ಎಂಬುದು ನಿರ್ಧರಿಸಬೇಕು.

ಸಣ್ಣ ಹೂಡಿಕೆದಾರರಿಗೆ ಈ ಆಯ್ಕೆ ಸಲೀಸಾಗಿದ್ದೇ ಈಚೆಗೆ. ಕಾಗದದ ಷೇರುಪತ್ರಗಳ ಕಾಲದಲ್ಲಿ ಸಾಮಾನ್ಯವಾಗಿ 50 ಇಲ್ಲವೇ 100 ಷೇರುಗಳ ಲಾಟ್‌ನಲ್ಲೇ ವ್ಯವಹಾರ ನಡೆಯುತ್ತಿತ್ತು. ಒಂದೇ ಲಾಟ್ ಇದ್ದವರು ಅದರಲ್ಲಿ ಅರ್ಧ ಮಾರಲು ಹೊರಟರೆ ಪತ್ರ ಒಡೆಸಬೇಕು, ಚಿಲ್ಲರೆ ಷೇರಿಗೆ ಗಿರಾಕಿ ಹುಡುಕಬೇಕು, ಸಿಕ್ಕವರು ಕೊಟ್ಟ ಬೆಲೆಗೆ ಒಪ್ಪಬೇಕು. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂದು, ಷೇರುಗಳು ಡಿಮ್ಯಾಟ್ ಖಾತೆಗೆ ಸೇರಿದ ಮೇಲೆ ಒಂದೊಂದೇ ಷೇರನ್ನೂ ಮಾರುವಂತಾಯಿತು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜೆರೋಧಾ 2015ರ ಕೊನೆಯಲ್ಲಿ ಡೆಲಿವರಿ ವ್ಯವಹಾರಕ್ಕೆ ಬ್ರೋಕರೇಜನ್ನೇ ಕೈಬಿಟ್ಟಾಗ ಖರ್ಚಿನ ಅಡ್ಡಿಯೂ ಬಹುಪಾಲು ಹೋಯಿತು. ಒಂದು ಕೆಲಸ ಇಷ್ಟು ಸುಲಭವಾದಾಗ ಅದು ಬೇಗ ಚಟವಾಗುತ್ತದೆ, ಆಮೇಲೆ ನಿಯಮವೆಂಬ ಹೆಸರನ್ನೂ ಪಡೆಯುತ್ತದೆ.

ಈಗ ಲೆಕ್ಕ. 200ಕ್ಕೆ 100 ಷೇರು ಕೊಂಡಿದ್ದೀರಿ. 190ಕ್ಕೆ ಸ್ಟಾಪ್‌ಲಾಸ್, 230ಕ್ಕೆ ಟಾರ್ಗೆಟ್. ಬೆಲೆಯ ನಡೆ ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತ ಎಂದು ಸದ್ಯಕ್ಕೆ ಒಪ್ಪಿಕೊಳ್ಳೋಣ. ಯಾವ ಹಂತದಲ್ಲೂ ಒಂದು ರೂಪಾಯಿ ಏರುವ ಸಾಧ್ಯತೆಯೂ ಇಳಿಯುವ ಸಾಧ್ಯತೆಯೂ ಸಮ. ಇಂಥ 12 ಟ್ರೇಡ್‌ಗಳು 210 ಮುಟ್ಟಿವೆ ಎನ್ನಿ. ಅಲ್ಲಿಂದ ಟಾರ್ಗೆಟ್ಟಿಗೂ 20 ರೂಪಾಯಿ, ಸ್ಟಾಪ್‌ಲಾಸಿಗೂ 20 ರೂಪಾಯಿ. ಹಾಗಾಗಿ ಸರಾಸರಿ ಆರು ಮೇಲೆ ಹೋಗುತ್ತವೆ, ಆರು ಕೆಳಗೆ ಬೀಳುತ್ತವೆ. ಏನನ್ನೂ ಮಾರದೆ ಕುಳಿತವರಿಗೆ ಆರು ಟ್ರೇಡ್‌ಗಳಲ್ಲಿ ತಲಾ 3,000 ಲಾಭ, ಆರರಲ್ಲಿ ತಲಾ 1,000 ನಷ್ಟ, ಕೂಡಿ ಕಳೆದರೆ 12,000. 210ಕ್ಕೆ ಅರ್ಧ ಮಾರಿ ಉಳಿದರ್ಧಕ್ಕೆ ಹಳೆಯ ಸ್ಟಾಪ್‌ಲಾಸ್ ಉಳಿಸಿಕೊಂಡವರಿಗೆ ಆರರಲ್ಲಿ ತಲಾ 2,000 ಸಿಗುತ್ತದೆ. ಬಿದ್ದ ಆರರಲ್ಲಿ ಮೊದಲು ಬಂದ 500 ಆಮೇಲೆ ಹೋದ 500ಕ್ಕೆ ವಜಾ. ಅದೂ 12,000. ಮೂರನೆಯವರು ಅರ್ಧ ಮಾರಿದ್ದಲ್ಲದೆ ಸ್ಟಾಪ್‌ಲಾಸನ್ನು ಕೊಂಡ ಬೆಲೆಗೇ, ಅಂದರೆ 200ಕ್ಕೆ ಏರಿಸಿಕೊಂಡಿದ್ದಾರೆ. ಈಗ ಕೆಳಗಿನ ಗೆರೆ ಬರೀ 10 ರೂಪಾಯಿ ದೂರ, ಮೇಲಿನದು 20. ಆದ್ದರಿಂದ 12ರಲ್ಲಿ ನಾಲ್ಕು ಮಾತ್ರ 230 ಮುಟ್ಟುತ್ತವೆ, ಎಂಟು 200ಕ್ಕೆ ಮರಳಿ ಹೊರಬೀಳುತ್ತವೆ. ನಾಲ್ಕರಿಂದ 8,000, ಎಂಟರಿಂದ ತಲಾ 500ರಂತೆ 4,000. ಮತ್ತೆ 12,000. 210ಕ್ಕೇ ಎಲ್ಲವನ್ನೂ ಮಾರಿ ಎದ್ದು ಹೋದವರಿಗೂ 12 ಸಲ 1,000.

ನಾಲ್ಕು ದಾರಿ, ಒಂದೇ ಮೊತ್ತ. ಖರ್ಚು ಕಳೆದರೆ ಹೆಚ್ಚು ಸಲ ಆರ್ಡರ್ ಹಾಕಿದವರಿಗೆ ಚೂರು ಕಡಿಮೆ. ಬದಲಾದದ್ದು ಮೊತ್ತವಲ್ಲ, ಅದು ಬರುವ ರೀತಿ. ಮೊದಲನೆಯವರಿಗೆ ಒಂದು ಟ್ರೇಡ್‌ನಲ್ಲಿ 3,000 ಬಂದರೆ ಮುಂದಿನದರಲ್ಲಿ 1,000 ಹೋಗುತ್ತದೆ. ಮೂರನೆಯವರಿಗೆ 210 ಮುಟ್ಟಿದ ಮೇಲೆ ನಷ್ಟವೆಂಬುದೇ ಇಲ್ಲ. ಅದಕ್ಕೇ ಅವರಿಗೆ ತಾವು ಹೆಚ್ಚು ಗಳಿಸುತ್ತಿದ್ದೇವೆ ಎಂದು ಅನ್ನಿಸುವುದು. ಹನ್ನೆರಡರಲ್ಲಿ ಹನ್ನೆರಡೂ ಸಲ ಹಸಿರು ಕಂಡವರಿಗೆ ಹಾಗೆ ಅನ್ನಿಸದಿದ್ದರೇ ಆಶ್ಚರ್ಯ.

ಪೇಟೆ ನಾಣ್ಯವಲ್ಲವಲ್ಲ ಎಂದು ಯಾರಾದರೂ ಕೇಳಬೇಕು, ಕೇಳುವುದು ನ್ಯಾಯವೂ ಹೌದು. ಆದರೆ ನಾಣ್ಯಕ್ಕಿಂತ ಪೇಟೆ ಬೇರೆಯಾಗಿರುವ ಕಡೆಗಳನ್ನು ನೋಡಿದರೆ ಅರ್ಧ ಮಾರುವ ಅಭ್ಯಾಸಕ್ಕೆ ಅಷ್ಟೇನೂ ಬೆಂಬಲ ಸಿಗುವುದಿಲ್ಲ. ನರಸಿಂಹನ್ ಜೆಗದೀಶ್ ಮತ್ತು ಶೆರಿಡನ್ ಟಿಟ್‌ಮನ್ 1993ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಷೇರುಗಳ ಬಗ್ಗೆ ಹೇಳಿದ್ದು ಇದನ್ನು: ಹಿಂದಿನ ಮೂರರಿಂದ ಹನ್ನೆರಡು ತಿಂಗಳು ಚೆನ್ನಾಗಿ ಏರಿದ ಷೇರುಗಳು ಮುಂದಿನ ಕೆಲವು ತಿಂಗಳೂ, ಸರಾಸರಿಯಲ್ಲಿ, ಉಳಿದವನ್ನು ಮೀರಿಸುತ್ತವೆ. ಏರಿದ್ದನ್ನು ಏರಿದೆ ಎಂಬ ಕಾರಣಕ್ಕೇ ಮಾರುವವರು ಈ ಒಲವಿನ ವಿರುದ್ಧ ನಿಂತಂತಾಯಿತು. ಹೆಂಡ್ರಿಕ್ ಬೆಸೆಂಬೈಂಡರ್ 2018ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಕಟು. 1926ರಿಂದ 2016ರವರೆಗೆ ಅಮೆರಿಕದ ಪೇಟೆಯಲ್ಲಿ ಸರ್ಕಾರಿ ಖಜಾನೆ ಬಿಲ್ಲುಗಳ ಆದಾಯವನ್ನು ಮೀರಿ ಸೃಷ್ಟಿಯಾದ ಸಂಪತ್ತೆಲ್ಲ ಸುಮಾರು ಶೇ 4ರಷ್ಟು ಕಂಪನಿಗಳಿಂದ ಬಂತು. ಉಳಿದವೆಲ್ಲ ಒಟ್ಟು ಸೇರಿ ಆ ಬಿಲ್ಲುಗಳಷ್ಟೇ ಕೊಟ್ಟವು. ಗಳಿಕೆ ಇಷ್ಟು ಕಡಿಮೆ ಷೇರುಗಳಲ್ಲಿ ತುಂಬಿಕೊಂಡಿದ್ದರೆ, ಗೆದ್ದ ಪ್ರತಿಯೊಂದನ್ನೂ ಅರ್ಧಕ್ಕೆ ಕತ್ತರಿಸುವ ನಿಯಮದ ಕತ್ತರಿ ಆ ಶೇ 4ರ ಮೇಲೂ ಬೀಳುತ್ತದೆ.

ನಮ್ಮ ಊರಿನ ಉದಾಹರಣೆಯೇ ಬೇಕಾದರೆ ಇನ್ಫೊಸಿಸ್ ಇದೆ. 1993ರ ಐಪಿಒನಲ್ಲಿ 95 ರೂಪಾಯಿಯಂತೆ 9,500 ಕೊಟ್ಟು ಪಡೆದ 100 ಷೇರು, ಬೋನಸ್ ಮತ್ತು ಮುಖಬೆಲೆ ವಿಭಜನೆಗಳಿಂದಲೇ 2018ರ ಹೊತ್ತಿಗೆ 1,02,400 ಷೇರಾಯಿತು. 1993ರಲ್ಲೇ ಷೇರು 145ಕ್ಕೆ ಲಿಸ್ಟ್ ಆದಾಗ ಅರ್ಧ ಬುಕ್ ಮಾಡಿದವರ ಕೈಗೆ ಬಂದ ಲಾಭ 2,500 ರೂಪಾಯಿ, ಬಿಟ್ಟುಕೊಟ್ಟದ್ದು 51,200 ಷೇರು. ಆದರೆ ಈ ಕಥೆಯನ್ನು ಹೇಳುವವರು ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಬಣ್ಣದ ಮಾತು. 2018ರ ಆಗಸ್ಟ್‌ನಲ್ಲಿ ಯೆಸ್ ಬ್ಯಾಂಕ್ ಷೇರು 400 ರೂಪಾಯಿಯ ಆಸುಪಾಸಿನಲ್ಲಿತ್ತು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕಿನ ಕೋರಿಕೆಯ ಮೇರೆಗೆ ಆ ಬ್ಯಾಂಕಿನ ವ್ಯವಹಾರಕ್ಕೆ ನಿರ್ಬಂಧ ಬಿತ್ತು. ಆಮೇಲೆ ಬಂದ ಪುನಶ್ಚೇತನ ಯೋಜನೆಯಲ್ಲಿ, 100ಕ್ಕಿಂತ ಹೆಚ್ಚು ಷೇರು ಇದ್ದವರ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರುವಂತಿಲ್ಲವೆಂದು ಬೀಗ ಹಾಕಲಾಯಿತು. ಭಾಗಶಃ ಮಾರಾಟದ ಪ್ರಮಾಣವನ್ನು ಹೂಡಿಕೆದಾರರ ಬದಲು ಸರ್ಕಾರವೇ ಗೊತ್ತುಮಾಡಿದ ಅಪರೂಪದ ಪ್ರಸಂಗ ಅದು. ಇನ್ಫೊಸಿಸ್ ಮತ್ತು ಯೆಸ್ ಬ್ಯಾಂಕ್ ಎರಡರಲ್ಲೂ ಮೊದಲ ಏರಿಕೆಯ ಹೊತ್ತಿಗೆ ಪರದೆ ತೋರಿಸುತ್ತಿದ್ದದ್ದು ಅದೇ ಹಸಿರು. ಮುಂದೇನಾಗುತ್ತದೆಂಬ ಸುಳಿವು ಈಗಾಗಲೇ ಬಂದ ಲಾಭದ ಅಂಕಿಯಲ್ಲಿ ಇರಲಿಲ್ಲ.

ಹಾಗಿದ್ದರೂ ಆ ಅಂಕಿಯನ್ನೇ ನೋಡಿ ಕೈ ಮಾರಾಟದ ಗುಂಡಿಯ ಕಡೆಗೆ ಹೋಗುವುದೇಕೆ? ಹರ್ಷ್ ಶೆಫ್ರಿನ್ ಮತ್ತು ಮೇಯರ್ ಸ್ಟಾಟ್‌ಮನ್ 1985ರಲ್ಲೇ ಈ ಒಲವನ್ನು ಗುರುತಿಸಿ ಬರೆದಿದ್ದರು: ಗೆದ್ದದ್ದನ್ನು ಬೇಗ ಮಾರುವುದು, ಸೋತದ್ದನ್ನು ತಬ್ಬಿಕೊಂಡು ಕೂರುವುದು. 1998ರಲ್ಲಿ ಟೆರೆನ್ಸ್ ಒಡಿಯನ್ ಅಮೆರಿಕದ ಒಂದು ಡಿಸ್ಕೌಂಟ್ ಬ್ರೋಕರ್‌ನ 10,000 ಖಾತೆಗಳನ್ನು, 1987ರಿಂದ 1993ರವರೆಗಿನ ವ್ಯವಹಾರವನ್ನು, ಜಾಲಾಡಿ ಅದನ್ನು ಅಂಕಿಗಳಲ್ಲಿ ತೋರಿಸಿದರು. ಮಾರಿದ ಗೆಲುವಿನ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಉಳಿಸಿಕೊಂಡ ಸೋಲಿನ ಷೇರುಗಳಿಗಿಂತ ಸರಾಸರಿ 3.4 ಶೇಕಡಾಂಶ ಹೆಚ್ಚು ಗಳಿಸಿಕೊಟ್ಟವು. ನಮ್ಮ ವಿಷಯಕ್ಕೆ ಬೇಕಾದ ಒಂದು ಸೂಕ್ಷ್ಮ ಆ ಅಧ್ಯಯನದಲ್ಲಿದೆ. ಏರಿದ್ದನ್ನು ಮಾರುವವರು ತಮ್ಮ ಹೂಡಿಕೆಯ ಸಮತೋಲ ಸರಿಪಡಿಸುತ್ತಿರಬಹುದು ಎಂಬ ವಾದವನ್ನು ಒಡಿಯನ್ ಗಂಭೀರವಾಗಿ ತೆಗೆದುಕೊಂಡರು. ಸಮತೋಲಕ್ಕಾಗಿ ಮಾರುವವರು ಸ್ವಲ್ಪ ಭಾಗ ಮಾರುತ್ತಾರೆ, ಎಲ್ಲವನ್ನೂ ಮಾರುವುದಿಲ್ಲ. ಅದಕ್ಕೆ ಅವರು ಭಾಗಶಃ ಮಾರಾಟಗಳನ್ನು ಬದಿಗಿಟ್ಟು, ಪೂರ್ತಿ ಮಾರಿದವನ್ನಷ್ಟೇ ಲೆಕ್ಕ ಹಾಕಿದರು. ಒಲವು ಆಗಲೂ ಹಾಗೇ ಉಳಿಯಿತು. ಅಂದರೆ ಸಮತೋಲವೆಂಬ ಸಕಾರಣ ನಿಜವಿರಬಹುದು, ಆದರೆ ಜನ ಗೆದ್ದದ್ದನ್ನು ಮಾರಲು ಅದೊಂದೇ ಕಾರಣವಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಲು ಒಂದು ದಾರಿಯಿದೆ. ಅರ್ಧ ಮಾರುವುದು ನಿಜಕ್ಕೂ ಅಪಾಯ ತಗ್ಗಿಸುವ ಶಿಸ್ತಾಗಿದ್ದರೆ ಅದು ಎರಡೂ ದಿಕ್ಕಿಗೆ ಅನ್ವಯಿಸಬೇಕು. ಹತ್ತು ರೂಪಾಯಿ ಏರಿದಾಗ ಅರ್ಧ ಇಳಿಸುವವರು ಐದು ರೂಪಾಯಿ ಬಿದ್ದಾಗಲೂ ಅರ್ಧ ಇಳಿಸಬೇಕು. ಹಾಗೆ ಮಾಡುವವರು ಎಷ್ಟು ಮಂದಿ? ಬಿದ್ದದ್ದಕ್ಕೆ ನಮ್ಮಲ್ಲಿ ಬೇರೆಯೇ ಮಂತ್ರವಿದೆ: ‘ಆವರೇಜ್ ಮಾಡಿ.’ ಗೆದ್ದದ್ದು ಅರ್ಧವಾಗುತ್ತದೆ, ಸೋತದ್ದು ಇಮ್ಮಡಿಯಾಗುತ್ತದೆ. ನಾಲ್ಕಾರು ವರ್ಷ ಇದೇ ನಡೆದ ಡಿಮ್ಯಾಟ್ ಖಾತೆಯನ್ನು ತೆರೆದರೆ, ಒಳ್ಳೆಯ ಕಂಪನಿಗಳು ಏಳೆಂಟು ಷೇರುಗಳಂತೆ ಉಳಿದಿರುತ್ತವೆ, ಕೆಟ್ಟವು ಸಾವಿರಗಟ್ಟಲೆ ಕೂಡಿರುತ್ತವೆ. ಲಾಭ ಬುಕ್ ಮಾಡಿದವರಾರೂ ದಿವಾಳಿಯಾಗಿಲ್ಲ ಎಂಬ ಮಾತು ಪೇಟೆಯಲ್ಲಿ ಬಹಳ ಓಡಾಡುತ್ತದೆ. ನಷ್ಟ ಪೂರ್ತಿಯಾಗಿ ತಿಂದು ಲಾಭ ಅರ್ಧ ಮಾತ್ರ ಉಂಡರೆ ದಿವಾಳಿಯಾಗಲು ಸಾಕು. ಸಮಯ ಸ್ವಲ್ಪ ಹೆಚ್ಚು ಹಿಡಿಯಬಹುದು, ಅಷ್ಟೆ.

ಇದಕ್ಕೆ ಬರುವ ಪ್ರತಿವಾದಗಳಲ್ಲಿ ಅತ್ಯಂತ ಬಲವಾದದ್ದು ಮನಸ್ಸಿಗೆ ಸಂಬಂಧಿಸಿದ್ದು. ಸ್ವಲ್ಪ ಲಾಭ ಕೈಗೆ ಬಂದರೆ ಉಳಿದದ್ದನ್ನು ನೆಮ್ಮದಿಯಿಂದ ಹಿಡಿದಿಟ್ಟುಕೊಳ್ಳಬಹುದು. ಇಲ್ಲದಿದ್ದರೆ ಮೊದಲ ಅಲುಗಾಟಕ್ಕೇ ಹೆದರಿ ಎಲ್ಲವನ್ನೂ ಮಾರಿಬಿಡುತ್ತೇವೆ. ಇದು ನಿಜ, ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಾಗದದ ಮೇಲೆ ಉತ್ತಮವಾದ, ಆದರೆ ಮನುಷ್ಯರು ಪಾಲಿಸಲಾರದ ಯೋಜನೆಗಿಂತ, ಪಾಲಿಸಬಲ್ಲ ಸಾಧಾರಣ ಯೋಜನೆಯೇ ಮೇಲು. ಆದರೂ ಈ ವಾದ ತಾನೇ ಒಂದು ವಿಷಯ ಒಪ್ಪಿಕೊಂಡಂತಾಯಿತು: 100 ಷೇರು ಇದ್ದಾಗ ನಿದ್ದೆ ಬರುತ್ತಿರಲಿಲ್ಲ, 50ಕ್ಕೆ ಬರುತ್ತದೆ. ಹಾಗಾದರೆ ಕೊಳ್ಳುವಾಗಲೇ 50 ಕೊಳ್ಳಬಹುದಿತ್ತು. ಭಾಗಶಃ ಮಾರಾಟ ಇಲ್ಲಿ ಆರಂಭದ ಅತಿಯನ್ನು ತಡವಾಗಿ ತಿದ್ದುತ್ತಿದೆ, ಅದೂ ಬೆಲೆ ಏರಿದರೆ ಮಾತ್ರ. ನೇರವಾಗಿ ಬಿದ್ದ ಷೇರಿನಲ್ಲಿ ಆ ನೂರಕ್ಕೆ ನೂರೂ ನಷ್ಟ ಕಂಡಿರುತ್ತವೆ.

ಇನ್ನೊಂದು ನೆಮ್ಮದಿ ಇದಕ್ಕಿಂತ ಅಪಾಯಕಾರಿ. 200ಕ್ಕೆ ಕೊಂಡ 100 ಷೇರು 400 ಆದಾಗ 50 ಮಾರಿದರೆ ಹಾಕಿದ 20,000 ವಾಪಸ್ ಬಂತು. ‘ಅಸಲು ತೆಗೆದೆ, ಉಳಿದದ್ದು ಪುಕ್ಕಟೆ’ ಎಂದು ಎಲ್ಲರೂ ಹೇಳುವುದು ಆಗಲೇ. ಪುಕ್ಕಟೆ ಎಂದದ್ದಕ್ಕೆ ಸ್ಟಾಪ್‌ಲಾಸೂ ಇಲ್ಲ, ವಿಚಾರಣೆಯೂ ಇಲ್ಲ. ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದು ಇದೇ ನಡವಳಿಕೆಯನ್ನು: ಆಗತಾನೇ ಗೆದ್ದ ಹಣವನ್ನು ಜನ ಜೂಜುಕಟ್ಟೆಯ ಹಣವೆಂಬಂತೆ ನೋಡಿ ಹೆಚ್ಚು ಅಪಾಯಕ್ಕೆ ಒಡ್ಡುತ್ತಾರೆ. ಆದರೆ ಉಳಿದ 50 ಷೇರಿನ ಇವತ್ತಿನ ಬೆಲೆಯೂ 20,000. ಅದನ್ನು ಈಗಲೇ ಮಾರಿ ಬ್ಯಾಂಕಿಗೆ ಹಾಕಿದರೆ ಬ್ಯಾಂಕು ಅದನ್ನು ಪುಕ್ಕಟೆ ಹಣವೆಂದು ಕಡಿಮೆ ಬಡ್ಡಿ ಕೊಡುವುದಿಲ್ಲ. ಬ್ರೋಕರ್‌ನ ಆ್ಯಪ್ ಕೂಡ ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕ. ಉಳಿದ 50ರ ಕೊಂಡ ಬೆಲೆ 200 ಎಂದೇ ತೋರಿಸುತ್ತದೆ, ಸೊನ್ನೆ ಎಂದಲ್ಲ.

ಹಾಗಾದರೆ ಅರ್ಧ ಮಾರುವುದಕ್ಕೆ ಸರಿಯಾದ ಕಾರಣವೇ ಇಲ್ಲವೇ? ಇದೆ, ಮತ್ತು ಅದು ಗಟ್ಟಿಯಾಗಿದೆ. ಐದು ಲಕ್ಷದ ಹೂಡಿಕೆಯಲ್ಲಿ 50,000 ಒಂದು ಷೇರಿನಲ್ಲಿತ್ತು ಎನ್ನಿ. ಉಳಿದದ್ದು ಇದ್ದಲ್ಲೇ ಇದ್ದು, ಅದೊಂದು ಮೂರುಪಟ್ಟಾಯಿತು. ಈಗ ಒಟ್ಟು ಆರು ಲಕ್ಷ, ಅದರಲ್ಲಿ ಒಂದೂವರೆ ಲಕ್ಷ ಒಂದೇ ಕಂಪನಿಯಲ್ಲಿ. ಹತ್ತರಲ್ಲಿ ಒಂದು ಪಾಲಿದ್ದದ್ದು ನಾಲ್ಕರಲ್ಲಿ ಒಂದಾಯಿತು. ಒಂದೇ ಕಂಪನಿಯಲ್ಲಿ ಶೇ 15ಕ್ಕಿಂತ ಹೆಚ್ಚು ಬೇಡ ಎಂದು ಮೊದಲೇ ಗೊತ್ತುಮಾಡಿಕೊಂಡವರು 90,000 ಉಳಿಸಿ 60,000 ಮಾರಬೇಕು, ಅಂದರೆ ಐದರಲ್ಲಿ ಎರಡು ಪಾಲು. ಈ ಪ್ರಮಾಣ ಅರ್ಧವೂ ಅಲ್ಲ, ಮೂರನೇ ಒಂದೂ ಅಲ್ಲ, ಲೆಕ್ಕ ಹೇಳಿದಷ್ಟು. ಷೇರು ನಷ್ಟದಲ್ಲಿದ್ದು, ಉಳಿದದ್ದೆಲ್ಲ ಅದಕ್ಕಿಂತ ಹೆಚ್ಚು ಬಿದ್ದು ಅದರ ಪಾಲು ಹಿಗ್ಗಿದ್ದರೂ ಇದೇ ಲೆಕ್ಕ ಅನ್ವಯಿಸುತ್ತದೆ, ಅದು ಈ ವಿಧಾನದ ಯೋಗ್ಯತೆ. ಬೆಂಗಳೂರಿನ ಐಟಿ ಉದ್ಯೋಗಿಗಳಿಗೆ ಇದು ಹೊರಗಿನ ಮಾತಲ್ಲ. ಸಂಬಳವೂ ಇಎಸ್ಒಪಿ ಷೇರುಗಳೂ ಒಂದೇ ಕಂಪನಿಯಿಂದ ಬರುವವರಿಗೆ ಆ ಕಂಪನಿ ಎಡವಿದರೆ ಕೆಲಸವೂ ಉಳಿತಾಯವೂ ಒಟ್ಟಿಗೇ ಅಲುಗಾಡುತ್ತವೆ. ಅಂಥವರು ಕಂಪನಿಯ ಮೇಲೆ ಎಷ್ಟೇ ಭರವಸೆ ಇದ್ದರೂ ಕಂತುಕಂತಾಗಿ ಮಾರುವುದು ವಿವೇಕ.

ತೆರಿಗೆಯೂ ಒಂದು ಸಕಾರಣ. 2024ರ ಜುಲೈ 23ರಿಂದ ಲಿಸ್ಟ್ ಆದ ಷೇರುಗಳ ಅಲ್ಪಾವಧಿ ಲಾಭಕ್ಕೆ ಶೇ 20, ಹನ್ನೆರಡು ತಿಂಗಳು ಮೀರಿದ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ, ಆದರೆ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ. ಎರಡೂವರೆ ಲಕ್ಷ ಲಾಭವಿರುವ ಷೇರನ್ನು ಮಾರ್ಚ್‌ನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಮಾರಿದರೆ, ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದಲ್ಲಿ, ತೆರಿಗೆಯೇ ಬರುವುದಿಲ್ಲ. ಪೂರ್ತಿ ಒಂದೇ ವರ್ಷ ಮಾರಿದ್ದರೆ 15,625 ರೂಪಾಯಿ ಮತ್ತು ಸೆಸ್ ಕಟ್ಟಬೇಕಿತ್ತು.

ಮಾರುವುದೆಂದು ನಿರ್ಧರಿಸಿದ ಮೇಲೂ ಆ್ಯಪ್‌ನಲ್ಲಿ ಎಡವುವ ಜಾಗಗಳಿವೆ. ‘ಎಕ್ಸಿಟ್’ ಒತ್ತಿದಾಗ ಹಲವು ಆ್ಯಪ್‌ಗಳಲ್ಲಿ ಕ್ವಾಂಟಿಟಿ ಚೌಕದಲ್ಲಿ ಪೂರ್ತಿ ಸಂಖ್ಯೆಯೇ ತುಂಬಿಕೊಂಡಿರುತ್ತದೆ, ಅದನ್ನು ಅಳಿಸಿ ಬೇಕಾದಷ್ಟು ಬರೆಯಬೇಕು. ಅದಕ್ಕಿಂತ ದೊಡ್ಡ ತಪ್ಪು ಹಳೆಯ ಸ್ಟಾಪ್‌ಲಾಸನ್ನು ಮರೆಯುವುದು. ಇಂಟ್ರಾಡೇಯಲ್ಲಿ 100 ಷೇರಿಗೆ ಸ್ಟಾಪ್‌ಲಾಸ್ ಹಾಕಿ, ಆಮೇಲೆ 50ನ್ನು ಕೈಯಾರೆ ಮಾರಿದರೆ, ಆ ಆರ್ಡರ್ ತಾನಾಗಿ 50ಕ್ಕೆ ಇಳಿಯುವುದಿಲ್ಲ. ಬೆಲೆ ಬಿದ್ದು ಅದು ಜಾರಿಯಾದಾಗ 100 ಮಾರಾಟವಾಗುತ್ತದೆ: ಇದ್ದ 50 ಹೋಗಿ, ಇಲ್ಲದ 50ರ ಶಾರ್ಟ್ ಪೊಸಿಷನ್ ಹುಟ್ಟಿರುತ್ತದೆ. ಡೆಲಿವರಿ ಷೇರುಗಳಿಗೆ ಹಾಕಿದ, ಗೊತ್ತುಮಾಡಿದ ಬೆಲೆ ಬಂದಾಗ ಜಾರಿಯಾಗುವ ಜಿಟಿಟಿ ಆರ್ಡರ್ ಆದರೆ ತೊಂದರೆ ತಿರುವುಮುರುವು. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಸಂಖ್ಯೆ ಕೇಳಿದ ಆರ್ಡರ್ ತಿರಸ್ಕೃತವಾಗಬಹುದು, ಆಗ ಉಳಿದ 50ಕ್ಕೆ ರಕ್ಷಣೆಯೇ ಇಲ್ಲ. ಬೇರೆಬೇರೆ ಬೆಲೆಗೆ ಕೊಂಡವರನ್ನು ಕಾಡುವ ಗೊಂದಲ ಇನ್ನೊಂದು. 200ಕ್ಕೆ 50, 300ಕ್ಕೆ 50 ಕೊಂಡಿದ್ದೀರಿ, ಸರಾಸರಿ 250. ಬೆಲೆ 320 ಇದ್ದಾಗ ಲಾಭ 7,000. ಐವತ್ತು ಮಾರಿದ ಮೇಲೆ ಅರ್ಧ ಲಾಭ, 3,500, ಉಳಿದಿರಬೇಕೆಂದು ನೋಡಿದರೆ ಪರದೆಯಲ್ಲಿ ಬರೀ 1,000. ಮೊದಲು ಕೊಂಡದ್ದು ಮೊದಲು ಮಾರಾಟವಾಯಿತೆಂಬುದು ಡಿಮ್ಯಾಟ್ ನಿಯಮ. 6,000 ಲಾಭ ಕೈಗೆ ಬಂದಿದೆ, ತೆರಿಗೆಯೂ ಅದರ ಮೇಲೇ. ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವಾಗ ಬೀಳುವ ಡಿಪಿ ಶುಲ್ಕವನ್ನು ಸಾಮಾನ್ಯವಾಗಿ ಮಾರಿದ ಸಂಖ್ಯೆಗಲ್ಲ, ದಿನಕ್ಕೆ ಒಂದು ಕಂಪನಿಯ ಷೇರಿಗೆ ಇಷ್ಟೆಂದು ಹಾಕುತ್ತಾರೆ. ನಾಲ್ಕು ದಿನ ನಾಲ್ಕು ಕಂತಿನಲ್ಲಿ ಮಾರಿದರೆ ನಾಲ್ಕು ಸಲ ಬೀಳುತ್ತದೆ; ಎರಡು ಸಾವಿರ ರೂಪಾಯಿಯ ಷೇರನ್ನು ಹಾಗೆ ಮಾರುವವರಿಗೆ ಅದು ಸಣ್ಣ ಮೊತ್ತವಲ್ಲ.

ಇಷ್ಟೆಲ್ಲ ಮಾತು ನಗದು ಷೇರುಗಳದ್ದು. ಈ ಸಲಹೆ ಅತಿ ಹೆಚ್ಚು ಕೇಳಿಬರುವುದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಲ್ಲಿ, ಅದು ಅತ್ಯಂತ ಕಡಿಮೆ ಹೊಂದುವುದೂ ಅಲ್ಲೇ. ಸೆಬಿಯ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಈ ವಿಭಾಗದ ಶೇ 93ರಷ್ಟು ವೈಯಕ್ತಿಕ ವಹಿವಾಟುದಾರರು ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2024ರ ನವೆಂಬರ್‌ನಿಂದ ಸೂಚ್ಯಂಕದ ಹೊಸ ಕಾಂಟ್ರ್ಯಾಕ್ಟ್‌ಗಳ ಕನಿಷ್ಠ ಮೌಲ್ಯವನ್ನು ಸೆಬಿ 15 ಲಕ್ಷಕ್ಕೆ ಏರಿಸಿತು. ಅದಕ್ಕೆ ಮೊದಲು ಇದ್ದದ್ದು ಐದು ಲಕ್ಷ. ಒಂದು ಲಾಟನ್ನು ಒಡೆಯಲು ಬರುವುದಿಲ್ಲ. ಅರ್ಧ ಬುಕ್ ಮಾಡಬೇಕೆಂದು ಮೊದಲೇ ತೀರ್ಮಾನಿಸಿದವರು ಎರಡು ಲಾಟ್ ತೆಗೆದುಕೊಳ್ಳಬೇಕಾಗುತ್ತದೆ, ಅಂದರೆ ಕನಿಷ್ಠ 30 ಲಕ್ಷದ ಕಾಂಟ್ರ್ಯಾಕ್ಟ್. ಬೆಲೆ ಅನುಕೂಲಕ್ಕೆ ಬಂದರೆ ಒಂದು ಲಾಟ್ ಇಳಿಸುತ್ತಾರೆ, ಸರಿ. ಬರದಿದ್ದರೆ ನಷ್ಟ ಎರಡೂ ಲಾಟಿನ ಮೇಲೆ ಬೀಳುತ್ತದೆ. ಒಂದೇ ಲಾಟ್ ತೆಗೆದುಕೊಂಡು ಸುಮ್ಮನೆ ಕುಳಿತವರಿಗೆ ಅದರ ಅರ್ಧ.